ಅರ್ಧಕ್ಕೆ ನಿಂತ ಗೋಪುರ

(ಬೆಟಗೇರಿಯ ಓದುಗರೊಬ್ಬರ ಪತ್ರದ ಸಾರ: ತೀರಿಕೊಂಡ ಆಯಿಯ ಟ್ರಂಕಿನಲ್ಲಿ ಒಂದು ಚಂದ್ರಕಾಳಿ (ಕಪ್ಪು ಬಣ್ಣದ) ಸೀರೆ ಸಿಕ್ಕಿದೆ. ಸೆರಗಿನ ಹತ್ತಿರ ಕೆಂಪು ನೂಲಿನಲ್ಲಿ ಕಸೂತಿಯ ಗೋಪುರವೊಂದನ್ನು ಅವರು ಅರ್ಧಕ್ಕೇ ಬಿಟ್ಟಿದ್ದಾರೆ. ಸೂಜಿಯೂ ಬಟ್ಟೆಯಲ್ಲೇ ಇದೆ. ಒಂದು ಬದಿಯ ನೂಲು ಅಲ್ಲಲ್ಲಿ ಉದುರಿದಂತಿದೆ. ಚಿಕ್ಕವಳಿದ್ದಾಗ ಆಯಿ ನನಗೆ ಮೆಂತಿ ಹೊಲಿಗೆಯೊಂದನ್ನೇ ಕಲಿಸಿದ್ದರು. ಉಳಿದದ್ದನ್ನು ನಾನು ಮುಗಿಸಿದರೆ ಅವರ ನೆನಪು ಕೆಡಿಸಿದಂತೆ ಆಗುತ್ತದೆಯೇ? ತಮ್ಮ ಮಾತ್ರ ಹಾಗೇ ಕಟ್ಟು ಹಾಕಿಸಿ ಗೋಡೆಗೆ ತೂಗುಬಿಡೋಣ ಎನ್ನುತ್ತಾನೆ.)

ಶರಣು, ತಂಗಿ.

ನೀವು ಕಳಿಸಿದ ಫೋಟೋ ಎರಡು ದಿನದಿಂದ ನನ್ನ ಮೇಜಿನ ಮೇಲಿದೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮುಗಿಸಿ. ಗೋಡೆಗೆ ಹಾಕಬೇಡಿ.

ಯಾಕೆ ಎಂದು ಹೇಳಲು ನಿಮ್ಮ ಪತ್ರದ ಒಂದು ಮಾತನ್ನು ತಿದ್ದಬೇಕು. ಗೋಪುರದ ಬಲಬದಿಯ ನೂಲು ಉದುರಿದೆ ಎಂದು ಬರೆದಿದ್ದೀರಿ. ನನಗೆ ಹಾಗೆ ಕಾಣುತ್ತಿಲ್ಲ. ಉದುರಿದ ನೂಲು ಎಲ್ಲೆಂದರಲ್ಲಿ ಉದುರುತ್ತದೆ. ಇಲ್ಲಿ ಒಂದು ಹೊಲಿಗೆ, ಒಂದು ಖಾಲಿ, ಮತ್ತೊಂದು ಹೊಲಿಗೆ, ಮತ್ತೊಂದು ಖಾಲಿ ಎಂದು ಲೆಕ್ಕ ಹಿಡಿದಂತಿದೆ. ಸೀರೆಯ ಹಿಂಬದಿ ತಿರುಗಿಸಿ ನೋಡಿ. ಮುಂದೆ ಖಾಲಿ ಇರುವಲ್ಲೆಲ್ಲ ಹಿಂದೆ ಹೊಲಿಗೆ ಕಂಡರೆ ಅದು ಗಾವಂತಿ.

ಕಸೂತಿಯ 4 ಹೊಲಿಗೆಗಳು ಗಾವಂತಿ, ಮುರಗಿ, ನೇಗಿ ಮತ್ತು ನೀವು ಕಲಿತ ಮೆಂತಿ. ಇವುಗಳಲ್ಲಿ ಗಾವಂತಿಗೂ ಮುರಗಿಗೂ ಹಿಂದುಮುಂದು ಎಂಬುದಿಲ್ಲ, ಎರಡೂ ಕಡೆ ಒಂದೇ ಚಿತ್ರ. ಗಾವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಗೆರೆಯ ತುದಿಯವರೆಗೆ ಹೋಗುತ್ತದೆ. ಆಮೇಲೆ ಅದೇ ದಾರಿಯಲ್ಲಿ, ಬಿಟ್ಟ ಜಾಗಗಳನ್ನು ತುಂಬುತ್ತ, ಹೊರಟಲ್ಲಿಗೇ ಬರುತ್ತದೆ. ದಾರಿಯಲ್ಲಿ ಟೊಂಗೆ ಒಡೆದಿದ್ದರೆ ಅದರ ತುದಿಗೂ ಹೋಗಿ ಬರಬೇಕು. ಎಲ್ಲಿಯೂ ಗಂಟು ಹಾಕುವಂತಿಲ್ಲ. ನೂಲಿನ ತುದಿಯನ್ನು ಹೊಲಿಗೆಯ ಅಡಿಯಲ್ಲೇ ಸೇರಿಸಿ ಮುಚ್ಚುತ್ತಾರೆ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ರೂಢಿಯೂ ಇಲ್ಲ. ಎಳೆ ಎಣಿಸಿಯೇ ತೇರು, ಪಲ್ಲಕ್ಕಿ, ಆನೆ ಅಂಬಾರಿ, ತುಳಸಿಕಟ್ಟೆ ಎಲ್ಲವನ್ನೂ ಎಬ್ಬಿಸಬೇಕು.

ಅಂದರೆ ನಿಮ್ಮ ಆಯಿಯ ಸೂಜಿ ಬಲಬದಿಯ ಗೆರೆಯಲ್ಲಿ ಹೋಗಿದೆ, ಮರಳಿ ಬಂದಿಲ್ಲ. ಆ ಖಾಲಿ ಜಾಗಗಳು ಕೆಟ್ಟುಹೋದವಲ್ಲ, ಬಿಟ್ಟಿಟ್ಟವು. ನೀವು ಹೊಸ ಗೆರೆ ಎಳೆಯಬೇಕಾಗಿಲ್ಲ. ಅವರು ಹೋದ ದಾರಿಯಲ್ಲಿ ನೀವು ಬರಬೇಕು, ಅಷ್ಟೇ. ಬಂದು ಮುಟ್ಟಿದಾಗ ಆ ಗೆರೆಯಲ್ಲಿ ಒಂದು ಹೊಲಿಗೆ ಅವರದು, ಒಂದು ನಿಮ್ಮದು.

ನನ್ನ ಕೈ ಅವರ ಕೈಯಂತಲ್ಲ ಎಂಬ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಇದಕ್ಕೆ ನಮ್ಮ ಮನೆಯ ಕೌದಿಯ ಮಾತು ಹೇಳಬೇಕು. ನಾವಿದ್ದದ್ದು ಹುಬ್ಬಳ್ಳಿಯ ಒಂದು ಹಳೆಯ ಓಣಿಯಲ್ಲಿ. ಬೇಸಿಗೆ ಬಂತೆಂದರೆ ಅವ್ವ ಅಪ್ಪನ ಹಳೆಯ ಧೋತರ, ಸವೆದ ಇಳಕಲ್ ಸೀರೆ, ನಮ್ಮ ಶಾಲೆಯ ಅಂಗಿಯ ತುಂಡು ಎಲ್ಲ ಹರವಿಕೊಂಡು ಪಡಸಾಲೆಯಲ್ಲಿ ಕೂಡುತ್ತಿದ್ದಳು. ಮಧ್ಯಾಹ್ನ ರೊಟ್ಟಿಯ ಕೆಲಸ ಮುಗಿದ ಮೇಲೆ ಓಣಿಯ ಹೆಂಗಸರು ಬಂದು ಆಚೆ ಈಚೆ ಕೂತು ಒಂದೊಂದು ಸಾಲು ಹಿಡಿಯುತ್ತಿದ್ದರು. ಪಕ್ಕದ ಮನೆಯ ದೊಡ್ಡವ್ವನಿಗೆ ಕಣ್ಣು ಮಂಜು. ಉಳಿದವರ ಹೊಲಿಗೆ ಜೋಳದ ಕಾಳಿನಷ್ಟಿದ್ದರೆ ಆಕೆಯದು ಹುಣಸೆ ಬೀಜದಷ್ಟು ಉದ್ದ, ಅದೂ ಸೊಟ್ಟ. ಆಕೆ ಎದ್ದುಹೋದ ಮೇಲೆ ನಾನು, "ಬಿಚ್ಚಿ ಮತ್ತ ಹಾಕಲೇನವ್ವಾ?" ಎಂದೆ. ಅವ್ವ ತಲೆ ಎತ್ತದೆ ಹೇಳಿದಳು: "ಬಿಚ್ಚಬ್ಯಾಡ. ಆಕಿ ಕುಂತ ಜಾಗ ಅದು."

ಆ ಕೌದಿ ಈಗಲೂ ನನ್ನ ಹತ್ತಿರ ಇದೆ. ಮಳೆಗಾಲದಲ್ಲಿ ಹೊದ್ದುಕೊಂಡರೆ ಕೈ ತಾನಾಗಿ ಆ ಸೊಟ್ಟ ಸಾಲಿಗೇ ಹೋಗುತ್ತದೆ. ದೊಡ್ಡವ್ವನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಆದರೆ ಆಕೆ ಯಾವ ಮೂಲೆಗೆ ಕೂತಿದ್ದಳು ಎಂಬುದು ಬೆರಳಿಗೆ ಗೊತ್ತು. ನಿಮ್ಮ ಹೊಲಿಗೆ ಚೂರು ಬೇರೆಯಾಗಿ ಕಂಡರೂ ಬಿಚ್ಚಬೇಡಿ.

ಇನ್ನು ಕೆಲಸದ ಮಾತು. ಸೂಜಿ ತುಕ್ಕು ಹಿಡಿದಿದ್ದರೆ ಜಗ್ಗಬೇಡಿ, ಎಳೆ ಹರಿಯುತ್ತದೆ. ನಿಧಾನಕ್ಕೆ ತಿರುಗಿಸುತ್ತ ಹೊರಗೆ ತೆಗೆದು, ಅದರಲ್ಲಿ ಉಳಿದ ನೂಲನ್ನು ಕತ್ತರಿಸದೆ ಬಿಡಿ. ಸೀರೆಗೆ ಕೈ ಹಚ್ಚುವ ಮೊದಲು ಒಂದು ಮೊಳ ಮ್ಯಾಟಿ ಬಟ್ಟೆ ತಂದು ಅದೇ ಗೋಪುರವನ್ನು ಹಾಕಿ ನೋಡಿ. ಅದರ ಎಳೆ ದಪ್ಪ, ಎಣಿಸಲು ಸುಲಭ. ಮೊದಲ ಸಲ ದಾರಿ ತಪ್ಪುವುದು ಖಂಡಿತ. ಒಂದು ಎಳೆ ತಪ್ಪಿ ಎಣಿಸಿದ್ದು ಅಲ್ಲಿಯೇ ತಿಳಿಯುವುದಿಲ್ಲ, ಇಪ್ಪತ್ತು ಹೊಲಿಗೆ ಮುಂದೆ ಹೋದ ಮೇಲೆ ಗೆರೆಗೆ ಗೆರೆ ಕೂಡದೆ ನಿಂತಾಗ ತಿಳಿಯುತ್ತದೆ. ಬಿಚ್ಚಿ ಮತ್ತೆ ಹೊರಡಿ. ಕೊನೆಗೊಮ್ಮೆ ಸೂಜಿ ಹೊರಟಲ್ಲಿಗೇ ಬಂದು ನಿಂತಾಗ ಆಗುವ ಸಂತೋಷವನ್ನು ನಾನು ಬರೆದು ತಿಳಿಸಲಾರೆ. ಅಷ್ಟು ಹೊತ್ತು ಮನಸ್ಸಿನಲ್ಲಿ ಎಣಿಕೆಯೊಂದನ್ನು ಬಿಟ್ಟು ಬೇರೇನೂ ಇರುವುದಿಲ್ಲ.

ಸೀರೆಯ ಮೇಲೆ ಆಯಿ ಒಂದು ಹೊಲಿಗೆಗೆ ಎಷ್ಟು ಎಳೆ ಹಿಡಿದಿದ್ದಾರೋ ನೀವೂ ಅಷ್ಟೇ ಹಿಡಿಯಿರಿ. ಹೊಸ ಕೆಂಪು ನೂಲನ್ನು ನೀರಿನಲ್ಲಿ ನೆನೆಸಿ, ಬಿಳಿ ಅರಿವೆಯ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿಯೇ ಬಳಸಿ. ಬಣ್ಣ ಪೂರ್ತಿ ಹೊಂದಲಿಕ್ಕಿಲ್ಲ. ಆಯಿಯ ನೂಲಿಗೆ ವಯಸ್ಸಾಗಿದೆ, ನಿಮ್ಮದಕ್ಕೆ ಆಗಿಲ್ಲ.

ತಮ್ಮನಿಗೆ ನನ್ನ ಮಾತಾಗಿ ಹೇಳಿ: ಎರಡೂ ಕಡೆ ಒಂದೇ ಚಿತ್ರ ಬರಲಿ ಎಂದು ಇಷ್ಟು ಕಷ್ಟಪಟ್ಟ ಕೆಲಸವನ್ನು ಗಾಜಿನೊಳಗೆ ಹಾಕಿದರೆ ಒಂದು ಕಡೆ ಶಾಶ್ವತವಾಗಿ ಗೋಡೆಯ ಪಾಲು. ಮೇಲೆ ಬೆಳಕು ಬಿದ್ದು ಬಣ್ಣವೂ ಹೋಗುತ್ತದೆ. ಆದರೆ ಅವನ ಮಾತಿನ ಹಿಂದಿರುವ ಕಾಳಜಿ ಸಣ್ಣದಲ್ಲ. ಟ್ರಂಕಿನಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ಸೀರೆ ಮಡಿಕೆಯಲ್ಲೇ ಹರಿಯುತ್ತದೆ. ಮೂರ್ನಾಲ್ಕು ತಿಂಗಳಿಗೊಮ್ಮೆ ತೆಗೆದು, ನೆರಳಿನಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುವ ಕೆಲಸ ಅವನಿಗೇ ಕೊಡಿ.

ಗೋಪುರ ಮುಗಿದ ಮೇಲೆ ಇನ್ನೊಂದು ಫೋಟೋ ಕಳಿಸಿ. ಹಿಂಬದಿಯದು.