‘ಐ ಆಮ್ ಡಿವಾಸ್ಟೇಟಿಂಗ್’ ಎಂದರೆ ದುಃಖವಲ್ಲ

ಪ್ರಶ್ನೆ: ಸ್ನೇಹಿತನ ತಂದೆ ತೀರಿಕೊಂಡರು. ‘ಐ ಆಮ್ ವೆರಿ ಡಿವಾಸ್ಟೇಟಿಂಗ್, ಯುವರ್ ಫಾದರ್ ಎಕ್ಸ್‌ಪೈರ್ಡ್’ ಎಂದು ಬರೆದು ಕಳಿಸಿದೆ. ಮಗಳು ತಪ್ಪು ಅನ್ನುತ್ತಾಳೆ. ಹೌದೇ?
– ಓದುಗರು, ತೀರ್ಥಹಳ್ಳಿ

ಮಗಳು ಹೇಳಿದ್ದು ಸರಿ. ಊರು ಬದಲಾಗುತ್ತದೆ, ಈ ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಒಮ್ಮೆ ಬಿಡಿಸಿಯೇ ಹೇಳುತ್ತೇನೆ.

‘ಇಂಗ್’ ಬಾಲ ನೋವು ಕೊಟ್ಟದ್ದಕ್ಕೆ, ‘ಎಡ್’ ಬಾಲ ನೋವುಂಡವರಿಗೆ. ಸುದ್ದಿ ಡಿವಾಸ್ಟೇಟಿಂಗ್, ಕೇಳಿದವರು ಡಿವಾಸ್ಟೇಟೆಡ್. ನಿಮ್ಮ ವಾಕ್ಯಕ್ಕೆ ‘ನನ್ನ ರೂಪಕ್ಕೆ ಎಲ್ಲರೂ ಮರುಳು’ ಎಂಬ ಅರ್ಥವೂ ಇದೆ! ಇನ್ನು ‘ವೆರಿ’. ಲ್ಯಾಟಿನ್ ಮೂಲದ ‘ಡಿವಾಸ್ಟೇಟ್’ ಪದಕ್ಕೆ ಪೂರ್ತಿ ಹಾಳುಗೆಡಹು ಎಂದರ್ಥ, ಕೊಳೆರೋಗಕ್ಕೆ ಗೊನೆಗೊನೆಯೇ ಉದುರಿದ ಅಡಿಕೆ ತೋಟದ ಹಾಗೆ. ಪೂರ್ತಿ ಹೋದದ್ದಕ್ಕೆ ‘ತುಂಬಾ’ ಸೇರಿಸುವುದೇನು? ಒತ್ತು ಬೇಕೇ ಬೇಕೆಂದರೆ ‘ಅಟರ್ಲಿ’ ಹಾಕಿ. ಕಾರಣದ ಮುಂದೆ ‘ಬೈ’ ಬರಲಿ, ‘ಫ್ರಮ್’ ಬೇಡ.

ಅದಕ್ಕಿಂತ ಮುಖ್ಯವಾದದ್ದು, ಆ ಪದವನ್ನು ತಂದೆ ಕಳೆದುಕೊಂಡ ಮಗನಿಗೆ ಬಿಡಿ. ನೀವು ‘ಐ ಆಮ್ ಡೀಪ್ಲಿ ಸ್ಯಾಡನ್ಡ್ ಬೈ ಯುವರ್ ಫಾದರ್ಸ್ ಡೆತ್’ ಎಂದರೆ ಸಾಕು. ‘ಎಕ್ಸ್‌ಪೈರ್ಡ್’ ಓದಿದರೆ ಹೊರದೇಶದವರಿಗೆ ಅವಧಿ ಮುಗಿದ ಮಾತ್ರೆ ನೆನಪಾಗುತ್ತದೆ. ‘ಡೈಡ್’ ಒರಟು ಪದವಲ್ಲ, ಹೆದರಬೇಡಿ.

‘ಬೆರೀವ್ಡ್’, ‘ಬೆರೆಫ್ಟ್’ ಎರಡರ ಬೇರೂ ಒಂದೇ: ಕಿತ್ತುಕೊಳ್ಳು. ಬೆರೀವ್ಡ್ ಎಂದರೆ ಸಾವಿನಿಂದ ಆಪ್ತರನ್ನು ಕಳೆದುಕೊಂಡವರು. ಪರೀಕ್ಷೆಯಲ್ಲಿ ಫೇಲಾದವನು ಬೆರೀವ್ಡ್ ಅಲ್ಲ, ಹೆಚ್ಚೆಂದರೆ ‘ಬೆರೆಫ್ಟ್ ಆಫ್ ಹೋಪ್’. ಏನನ್ನು ಕಳೆದುಕೊಂಡ ಎಂದು ಹೇಳುವಾಗ ಆ ‘ಆಫ್’ ಬಿಡಬಾರದು. ‘ಡಿಸ್ಟ್ರಾಟ್’ ಇರುವುದು ದಿಕ್ಕು ತೋಚದೆ ಒದ್ದಾಡುವವರಿಗೆ, ಮಗು ಕಾಣದ ತಾಯಿಗೆ. ಅದರ ಬದಲು ‘ಡಿಸ್ಟ್ರಾಕ್ಟೆಡ್ ಫ್ಯಾಮಿಲಿ’ ಎಂದು ಬರೆದಿರೋ, ಹೆಣದ ಮುಂದೆ ಮನೆಯವರು ಮೊಬೈಲ್ ನೋಡುತ್ತ ಕೂತಂತಾಯಿತು.

ಪ್ರಶ್ನೆ: ‘ಹಾರ್ಟ್ ರೆಂಡರಿಂಗ್’ ಸರಿಯೇ?
– ಸಾಗರ

ಅಲ್ಲ. ರೆಂಡಿಂಗ್. ರೆಂಡ್ ಎಂದರೆ ಸೀಳು. ರೆಂಡರಿಂಗ್ ಎಂದರೆ ಕೊಬ್ಬು ಕರಗಿಸುವ ಕೆಲಸವೂ ಆಗುತ್ತದೆ.

ಪ್ರಶ್ನೆ: ‘ಪ್ರಾಸ್ಟ್ರೇಟ್ ವಿತ್ ಗ್ರೀಫ್’ ಎನ್ನಬಹುದೇ?
– ಹೊಸನಗರ

ಎನ್ನಬಹುದು, ದುಃಖದಿಂದ ನೆಲಕ್ಕೊರಗಿದವರು ಎಂದರ್ಥ. ಎರಡನೆಯ ‘ಆರ್’ ಜಾರಿದರೆ ಮಾತ್ರ ಅದು ಗಂಡಸರ ಗ್ರಂಥಿ. ಕೈ ನಡುಗುವುದಾದರೆ ‘ಗ್ರೀಫ್-ಸ್ಟ್ರಿಕನ್’ ಬರೆಯಿರಿ.

ಪ್ರಶ್ನೆ: ‘ಸ್ಯಾಡ್’ಗೆ 100 ಸಮಾನಪದಗಳ ಪಟ್ಟಿ ಮೊಬೈಲಿಗೆ ಬಂದಿದೆ. ಬಾಯಿಪಾಠ ಮಾಡಲೇ?
– ಶಿವಮೊಗ್ಗ

ಅಳಿಸಿಹಾಕಿ. ಇಂಥ ಪಟ್ಟಿ ಮಾರಿ ದುಡ್ಡು ಮಾಡುವವರಿಗೆ ‘ಶ್ಯಾಟರ್ಡ್’ ಎಂದರೆ ಬ್ರಿಟನ್ನಿನಲ್ಲಿ ಬರೀ ಸುಸ್ತು ಎಂದೂ ಆಗುತ್ತದೆ ಎಂಬುದು ಗೊತ್ತಿರುವುದಿಲ್ಲ. ‘ಗಟೆಡ್’ ಅಲ್ಲಿಯ ಆಡುಮಾತು, ಮ್ಯಾಚ್ ಸೋತಾಗ ಸರಿ. ಸಂತಾಪ ಪತ್ರದೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಕಂಡೋಲೆನ್ಸ್ ಏಕವಚನವೋ, ಬಹುವಚನವೋ?
– ಭದ್ರಾವತಿ

ಹೇಳುವಾಗ ‘ಮೈ ಕಂಡೋಲೆನ್ಸಸ್’. ‘ಲೆಟರ್ ಆಫ್ ಕಂಡೋಲೆನ್ಸ್’ ಎಂಬಲ್ಲಿ ಏಕವಚನ.