ಮಳೆ ಹೋದ ಮೇಲೆ ಬಂದ ಹಣ

ಪ್ರಶ್ನೆ: ಅಡಿಕೆಯ ಮಹಾಳಿ ರೋಗದ ಸರಕಾರಿ ಸಂಶೋಧನೆಯಲ್ಲಿ ಸಹಾಯಕಿ ನಾನು. ಮೂರು ಕೇಂದ್ರಗಳ, ಮೂರು ವರ್ಷದ ಕೆಲಸ. ಹಣ ಬಂದದ್ದು ಫೆಬ್ರವರಿಯಲ್ಲಿ. ಒಂದು ಕೇಂದ್ರ ಉದುರಿದ ಕಾಯಿ ಎಣಿಸುತ್ತದೆ, ಇನ್ನೊಂದು ರೋಗ ತಗುಲಿದ ಗೊನೆ. ಏನು ಮಾಡಲಿ?
– ಒಬ್ಬ ಓದುಗಿ, ಬದಿಯಡ್ಕ

ಉತ್ತರ: ತಂಗೀ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಮಹಾಳಿ ಎಂದರೆ ಎಳೆಕಾಯಿ ಕೊಳೆತು ಉದುರುವ ಮಳೆಗಾಲದ ರೋಗ. ಫೆಬ್ರವರಿಯಲ್ಲಿ ತೋಟಕ್ಕೆ ಹೋಗಿ ಏನನ್ನು ನೋಡುವುದು?

ಹಣದ ವಿಷಯ ಮೊದಲು. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ, ಅಂದರೆ ಹಣ ಯಾವುದಕ್ಕೆ ಖರ್ಚಾಯಿತೆಂಬ ದೃಢೀಕರಣ, ಹೋಗದಿದ್ದರೆ ಮುಂದಿನ ಕಂತು ಸಾಮಾನ್ಯವಾಗಿ ಬರುವುದಿಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಗಿದ ಕೂಡಲೇ ಅದನ್ನು ಕಳಿಸುವಂತೆ ಮುಖ್ಯಸ್ಥರಿಗೆ ಬರೆದೇ ನೆನಪಿಸು. ಬಾಯಿಮಾತು ಫೈಲಿನಲ್ಲಿ ಉಳಿಯುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಚಿಂತೆ ಎಣಿಕೆಯದ್ದು. ಕಾಯಿಯ ಲೆಕ್ಕವನ್ನೂ ಗೊನೆಯ ಲೆಕ್ಕವನ್ನೂ ಕೂಡಿಸಲಾಗದು. ಮೂರು ವರ್ಷದ ದುಡಿಮೆ ಸುಮ್ನೆ ಹಾಳು. ಮೇ ತಿಂಗಳಲ್ಲೇ ಮೂವರೂ ಒಂದೇ ತೋಟದಲ್ಲಿ ಸೇರಿ. ಮರಗಳಿಗೆ ಪೇಂಟಿನಲ್ಲಿ ನಂಬರ್ ಹಾಕಿ. ವಾರಕ್ಕೊಮ್ಮೆ, ಅದೇ ಮರದ ಬುಡದಲ್ಲಿ ಉದುರಿದ ಕಾಯಿ ಹೆಕ್ಕಿ ಎಣಿಸಿ. ಗೊನೆಯ ಲೆಕ್ಕ ಬೇಕಿದ್ದರೆ ಬೇರೆ ಕಾಲಮ್ಮಿನಲ್ಲಿ. ಸಿಂಪಡಿಸುವ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಶೇ. 1ರದ್ದೇ ಆಗಿರಲಿ, ಸಿಂಪಡಿಸಿದ ದಿನವನ್ನೂ ಬರೆಯಿರಿ. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

1957ರಲ್ಲಿ ಮೆಕ್ಕೆಜೋಳಕ್ಕೆ ದೇಶದ ಮೊದಲ ಸಮನ್ವಿತ ಸಂಶೋಧನಾ ಯೋಜನೆ ಶುರುವಾದದ್ದು ಇಂಥ ಕೆಲಸಕ್ಕೇ: ಬೇರೆ ಬೇರೆ ಊರು, ಒಂದೇ ಪದ್ಧತಿ. ಕಿರಿಯಳೆಂದು ಹಿಂಜರಿಯಬೇಡ. ತೋಟದಲ್ಲಿ ಕಾಯಿ ಹೆಕ್ಕುವವಳು ನೀನೇ. ಆ ಒಂದು ಪುಟದ ಕರಡನ್ನು ಈ ವಾರವೇ ಬರೆ.