ಮೊದಲ ಸಲ ಓವರ್‌ಕ್ಲಾಕ್ ಮಾಡಿದಾಗ ನಿಮಗೇನಾಯಿತು? ಪ್ರೊಸೆಸರ್ ಸುಟ್ಟುಹೋಗುತ್ತಾ?

ಹೆಸರಿನ ಕೊನೆಯಲ್ಲಿ 'ಕೆ' ಇರುವ ಇಂಟೆಲ್ ಪ್ರೊಸೆಸರ್ ಹಾಕಿ ಡೆಸ್ಕ್‌ಟಾಪ್ ಜೋಡಿಸಿದ್ದೀರಿ. ಬಯಾಸ್ (ವಿಂಡೋಸ್ ಬರುವ ಮೊದಲೇ ತೆರೆಯುವ, ಬೋರ್ಡಿನ ಸೆಟ್ಟಿಂಗ್ ಪರದೆ) ಒಳಗೆ ಇನ್ನೂ ಕೈ ಹಾಕಿಲ್ಲ. ಗೆಳೆಯ '5 ಗಿಗಾಹರ್ಟ್ಸ್ ಇಟ್ಟುಬಿಡು, ಏನೂ ಆಗಲ್ಲ' ಅಂತಿದ್ದಾನೆ. ಓವರ್‌ಕ್ಲಾಕ್ ಮಾಡಿ, ಅಂದರೆ ಕಾರ್ಖಾನೆಯವರು ಇಟ್ಟದ್ದಕ್ಕಿಂತ ಜಾಸ್ತಿ ವೇಗದಲ್ಲಿ ಓಡಿಸಿ, ಸುಟ್ಟುಹೋದರೆ ಏನು ಗತಿ ಅಂತ ಕೇಳಿದ್ದೀರಿ.

ಸುಡುವುದು ಅಷ್ಟು ಸುಲಭವಲ್ಲ. ನಾನು ಮಾಡಬಾರದ್ದನ್ನೆಲ್ಲ ಮಾಡಿದರೂ ನನ್ನದು ಸುಡಲಿಲ್ಲ. ಆಗಿದ್ದು ಬೇರೆ. ಕಂಪ್ಯೂಟರ್ ಹತ್ತು ದಿನ ಚೆನ್ನಾಗಿ ಓಡಿತು ಅಂತ ನಾನು ನಂಬಿಕೊಂಡಿದ್ದೆ. ಓಡುತ್ತಿದ್ದದ್ದು ನಿಜ, ಆದರೆ ಮಧ್ಯೆ ಮಧ್ಯೆ ಲೆಕ್ಕ ತಪ್ಪುತ್ತಿತ್ತು. ಅದನ್ನೇ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಸುಡುವ ಭಯಕ್ಕಿಂತ ಈ ಭಯ ನಿಮಗೆ ಉಪಯೋಗಕ್ಕೆ ಬರುತ್ತದೆ.

ನನ್ನದು ಕೋರ್ ಐ5-8600ಕೆ. 2017ರಲ್ಲಿ ಬಂದ ಚಿಪ್, ಆರು ಕೋರ್. ಮದರ್‌ಬೋರ್ಡ್ ಝಡ್370, ಮೇಲೆ ಒಂದು ಫ್ಯಾನಿನ ಟವರ್ ಕೂಲರ್. ನಿಮ್ಮ ಬೋರ್ಡ್ ಯಾವುದು ಅಂತ ನೀವು ಬರೆದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಪ್ರೊಸೆಸರ್ ಹೆಸರಿನಲ್ಲಿ ಕೆ ಇದ್ದರೆ ಸಾಲದು, ಬೋರ್ಡಿನ ಚಿಪ್‌ಸೆಟ್ ಹೆಸರಿನಲ್ಲಿ ಝಡ್ ಇರಬೇಕು. ಇಲ್ಲದಿದ್ದರೆ ವೇಗ ಏರಿಸಲು ಅದು ಬಿಡುವುದೇ ಇಲ್ಲ, ಈ ಉತ್ತರ ಮುಂದೆ ಓದುವ ಅಗತ್ಯವೂ ಇಲ್ಲ. ಎಎಂಡಿಯ ರೈಝನ್‌ನಲ್ಲಿ ಇಷ್ಟು ಜಿಪುಣತನ ಇಲ್ಲ. ಅಲ್ಲಿ ಬಹುತೇಕ ಎಲ್ಲ ಚಿಪ್‌ಗಳೂ ಬೀಗ ಇಲ್ಲದೇ ಬರುತ್ತವೆ. ಎ320, ಎ520ರಂಥ ಅಗ್ಗದ ಬೋರ್ಡ್ ಇದ್ದರೆ ಮಾತ್ರ ಆಗುವುದಿಲ್ಲ.

ಲೆಕ್ಕ ಬಹಳ ಸರಳ. ಬೋರ್ಡ್ 100 ಮೆಗಾಹರ್ಟ್ಸ್‌ನ ಒಂದು ತಾಳ ಕೊಡುತ್ತದೆ. ಪ್ರೊಸೆಸರ್ ಅದನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ. ಆ ಸಂಖ್ಯೆಯೇ ಮಲ್ಟಿಪ್ಲೈಯರ್. ಆರೂ ಕೋರ್ ಕೆಲಸ ಮಾಡುವಾಗ ನನ್ನ ಚಿಪ್ ತಾನಾಗಿ 41ರಲ್ಲಿ ಓಡುತ್ತಿತ್ತು, ಅಂದರೆ 4.1 ಗಿಗಾಹರ್ಟ್ಸ್. ಬಯಾಸ್‌ನಲ್ಲಿ ಆ 41 ಅಳಿಸಿ 50 ಅಂತ ಬರೆದರೆ ಮುಗೀತು ಅಂದುಕೊಂಡೆ. ಬರೆದೆ. ವೋಲ್ಟೇಜ್ ಜಾಗದಲ್ಲಿ 'ಆಟೋ' ಅಂತ ಇತ್ತು. ಬೋರ್ಡಿಗೇ ಗೊತ್ತಿರುತ್ತದಲ್ಲ ಅಂತ ಹಾಗೇ ಬಿಟ್ಟೆ.

ವಿಂಡೋಸ್ ಸಲೀಸಾಗಿ ಬಂತು. ಎಷ್ಟು ಖುಷಿ ಅಂದರೆ ಪರದೆಯ ಫೋಟೋ ತೆಗೆದು ಗೆಳೆಯರಿಗೆ ಕಳಿಸಿಯೂ ಆಯಿತು. ಆಮೇಲೆ ಪ್ರೊಸೆಸರ್ ಮೇಲೆ ಪೂರ್ತಿ ಹೊರೆ ಹಾಕಿ ಪರೀಕ್ಷಿಸುವ ಪ್ರೈಮ್95 ಶುರು ಮಾಡಿದೆ. ಪಕ್ಕದಲ್ಲಿ ಬಿಸಿ, ವೇಗ, ವೋಲ್ಟೇಜ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದಿತ್ತು. 45 ಡಿಗ್ರಿ ಇದ್ದದ್ದು ನಾಲ್ಕೈದು ಸೆಕೆಂಡಿನಲ್ಲಿ 90 ದಾಟಿತು, ಕೂಡಲೇ 100ಕ್ಕೆ ಬಂದು ನಿಂತಿತು. ಫ್ಯಾನ್ ಬೊಬ್ಬೆ ಹೊಡೆಯತೊಡಗಿತು. ವೇಗ 5.0ರಿಂದ 4.6ಕ್ಕೆ ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ವೋಲ್ಟೇಜ್ ನೋಡಿದರೆ 1.41! ಮೊದಲು ಅದೇ ಚಿಪ್ 1.15 ಆಸುಪಾಸಿನಲ್ಲಿ ಓಡುತ್ತಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ಚಿಪ್ ತಿನ್ನುವ ವಿದ್ಯುತ್ ವೇಗದ ಜೊತೆ ನೇರವಾಗಿ ಏರುತ್ತದೆ, ಆದರೆ ವೋಲ್ಟೇಜಿನ ಜೊತೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 4.1ರಿಂದ 5.0ಕ್ಕೆ ಹೋದರೆ ವೇಗ 22% ಜಾಸ್ತಿ. 1.15ರಿಂದ 1.41ಕ್ಕೆ ಹೋದರೆ ಅದರ ವರ್ಗ 50% ಜಾಸ್ತಿ. ಎರಡನ್ನೂ ಗುಣಿಸಿ: 1.83 ಪಟ್ಟು. 22% ವೇಗಕ್ಕಾಗಿ 83% ಬಿಸಿ ತಂದುಕೊಂಡಿದ್ದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಜೊತೆಗೆ ಆ ತಲೆಮಾರಿನಲ್ಲಿ ಚಿಪ್ಪಿಗೂ ಮೇಲಿನ ಲೋಹದ ಮುಚ್ಚಳಕ್ಕೂ ನಡುವೆ ಬೆಸುಗೆ ಇರಲಿಲ್ಲ, ಪೇಸ್ಟ್ ಇತ್ತು. ಎಷ್ಟು ದೊಡ್ಡ ಕೂಲರ್ ಹಾಕಿದರೂ ಬಿಸಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು.

ಹಾಗಾದರೆ ಸುಡಲಿಲ್ಲ ಯಾಕೆ? ಈ ಚಿಪ್ 100 ಡಿಗ್ರಿ ತಲುಪಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದರಿಂದಲೂ ಆಗದಿದ್ದರೆ ಪೂರ್ತಿ ಆಫ್ ಆಗುತ್ತದೆ. ಬಿಸಿಗೆ ಕಾವಲು ಇದೆ. ನೀವು ಕೈಯಾರೆ ಬರೆದ ವೋಲ್ಟೇಜಿಗೆ ಆ ಥರದ ಕಾವಲು ಇಲ್ಲ. ವೋಲ್ಟೇಜ್ ತೀರಾ ಅತಿಯಾಗದಿದ್ದರೆ ಚಿಪ್ಪನ್ನು ಸಾಮಾನ್ಯವಾಗಿ ಒಂದೇ ದಿನದಲ್ಲಿ ಕೊಲ್ಲುವುದಿಲ್ಲ, ತಿಂಗಳುಗಟ್ಟಲೆ ಸವೆಸುತ್ತದೆ. ಆಮೇಲೆ ಮೊದಲು ಓಡುತ್ತಿದ್ದ ವೇಗದಲ್ಲೇ ಅದು ತಡವರಿಸತೊಡಗುತ್ತದೆ. ನಿಮ್ಮದು ಇಂಟೆಲ್‌ನ 13 ಅಥವಾ 14ನೇ ತಲೆಮಾರಿನದಾದರೆ ಈ ಮಾತು ಇನ್ನೂ ಮುಖ್ಯ. ಏನೂ ಓವರ್‌ಕ್ಲಾಕ್ ಮಾಡದವರ ಚಿಪ್‌ಗಳೂ ಹೆಚ್ಚಿನ ವೋಲ್ಟೇಜಿನಿಂದ ಹಾಳಾಗಿ, 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್ಪಿನೊಳಗಿನ ತಂತ್ರಾಂಶ) ಬದಲಿಸಿ ಕೊಡಬೇಕಾಯಿತು. ಹಾಗಿದ್ದರೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಉಳಿದದ್ದು ಆಮೇಲೆ.

ನನ್ನ ಕಥೆಗೆ ಬರುತ್ತೇನೆ. ಆಟೋ ಬೇಡ, ನಾನೇ ಕಡಿಮೆ ವೋಲ್ಟೇಜ್ ಕೊಡುತ್ತೇನೆ ಅಂತ 50ನ್ನು ಹಾಗೇ ಇಟ್ಟು 1.20 ಬರೆದೆ. ಉಳಿಸಿ ಹೊರಬಂದೆ. ಪರದೆ ಕಪ್ಪು. ಫ್ಯಾನ್ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕೀಬೋರ್ಡಿನ ದೀಪವೂ ಹತ್ತಲಿಲ್ಲ. ಎದೆ ಧಸಕ್ಕೆಂದಿತು. ಮುಗೀತು, ಹೊಸ ಮಷಿನ್ ಹೋಯ್ತು ಅಂದುಕೊಂಡೆ.

ಏನೂ ಹೋಗಿರಲಿಲ್ಲ. ಆ ವೇಗಕ್ಕೆ ಅಷ್ಟು ವೋಲ್ಟೇಜ್ ಸಾಲದೆ ಅದು ಏಳಲಾಗದೆ ಒದ್ದಾಡುತ್ತಿತ್ತು ಅಷ್ಟೇ. ಬಯಾಸ್ ಒಳಗೇ ಹೋಗಲಾಗದಿದ್ದರೆ ಅದರ ನೆನಪನ್ನೇ ಅಳಿಸಬೇಕು. ಇದಕ್ಕೆ 'ಕ್ಲಿಯರ್ ಸಿಮೋಸ್' ಅಂತಾರೆ. ಪವರ್ ಸಪ್ಲೈ ಆಫ್ ಮಾಡಿ, ವೈರ್ ಕಿತ್ತು, ಪಕ್ಕದ ಬಾಗಿಲು ತೆಗೆದೆ. ಬೋರ್ಡಿನ ಕೆಳಗಿನ ಅಂಚಿನಲ್ಲಿ ಒಂದು ಜೋಡಿ ಪುಟ್ಟ ಪಿನ್ ಇರುತ್ತವೆ. ಅದರ ಪಕ್ಕದಲ್ಲಿ ಬರೆದ ಅಕ್ಷರ ಎಷ್ಟು ಸಣ್ಣ ಅಂದರೆ ಫೋನಿನ ಟಾರ್ಚ್ ಹಾಕಿ, ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದೆ. ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್ ಸೇರಿಸಿ ಹತ್ತು ಎಣಿಸಿದೆ. ಕೈ ನಡುಗುತ್ತಿತ್ತು ಅಂತ ಒಪ್ಪಿಕೊಳ್ಳಲು ನಾಚಿಕೆ ಇಲ್ಲ. ವೈರ್ ಹಾಕಿ ಆನ್ ಮಾಡಿದರೆ ಏನೂ ಆಗಿಲ್ಲದ ಹಾಗೆ ಎದ್ದು ಕೂತಿತು. ಪಿನ್ ಸಿಗದಿದ್ದರೆ ಬೋರ್ಡಿನಲ್ಲಿರುವ ಗುಂಡು ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೂ ಆಗುತ್ತದೆ. ಓವರ್‌ಕ್ಲಾಕ್ ಶುರು ಮಾಡುವ ಮೊದಲೇ ಆ ಪಿನ್ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಕಪ್ಪು ಪರದೆ ಮುಂದೆ ಕೂತು ಕೈಪಿಡಿ ಹುಡುಕುವ ಫಜೀತಿ ಬೇಡ.

ಆಮೇಲೆ ಬುದ್ಧಿ ಬಂತು, ಅರ್ಧ. ವೋಲ್ಟೇಜ್ 1.20ಕ್ಕೆ ಕಟ್ಟಿಹಾಕಿ 43, 44, 45 ಅಂತ ಒಂದೊಂದೇ ಮೆಟ್ಟಿಲು ಹತ್ತಿದೆ. ಪ್ರತಿ ಸಲ ಹತ್ತು ನಿಮಿಷ ಸಿನೆಬೆಂಚ್ ಎಂಬ ಪರೀಕ್ಷೆ. 46ಕ್ಕೆ ಪರದೆ ಹೆಪ್ಪುಗಟ್ಟಿತು, 1.24 ಕೊಟ್ಟೆ, ಸರಿಹೋಯಿತು. 47ಕ್ಕೆ 1.26. ಹತ್ತು ನಿಮಿಷ ದಾಟಿತು, ಬಿಸಿ 80ರ ಆಸುಪಾಸು. ಸಾಕು ಅಂತ ನಿಲ್ಲಿಸಿದೆ. ಅದೇ ಉತ್ಸಾಹದಲ್ಲಿ ಮೆಮೊರಿಯ ವೇಗ ಏರಿಸುವ ಆಯ್ಕೆಯಾದ ಎಕ್ಸ್‌ಎಂಪಿಯನ್ನೂ ಆನ್ ಮಾಡಿದೆ. 2400ರಲ್ಲಿ ಓಡುತ್ತಿದ್ದ ರ‍್ಯಾಮ್ 3200ಕ್ಕೆ ಹೋಯಿತು. ಒಂದೇ ಸಂಜೆ ಎರಡು ಬದಲಾವಣೆ. ಇದು ನನ್ನ ದೊಡ್ಡ ತಪ್ಪು.

ಹತ್ತು ದಿನ ಏನೂ ಇಲ್ಲ. ಆಟ ಆಡಿದೆ, ಕೆಲಸ ಮಾಡಿದೆ. ಒಂದು ದಿನ ದೊಡ್ಡದೊಂದು ಜಿಪ್ ಕಡತ ಬಿಚ್ಚುವಾಗ ಸಿಆರ್‌ಸಿ ತಪ್ಪು, ಅಂದರೆ ಬಿಚ್ಚಿದ್ದು ಮೂಲಕ್ಕೆ ತಾಳೆಯಾಗುತ್ತಿಲ್ಲ, ಅಂತ ಬಂತು. ಡೌನ್‌ಲೋಡ್ ಕೆಟ್ಟಿರಬೇಕು ಅಂತ ಮತ್ತೆ ಇಳಿಸಿದೆ. ಮತ್ತೆ ತಪ್ಪು, ಆದರೆ ಈ ಸಲ ಒಳಗಿನ ಬೇರೊಂದು ಕಡತದಲ್ಲಿ. ಮೂರನೇ ಸಲ ಅದೇ ಜಿಪ್ ಬಿಚ್ಚಿದೆ. ಪೂರ್ತಿ ಸರಿಯಾಗಿ ಬಿಚ್ಚಿಕೊಂಡಿತು! ಕಡತ ಕೆಟ್ಟಿದ್ದರೆ ಪ್ರತಿ ಸಲ ಒಂದೇ ಜಾಗದಲ್ಲಿ ಕೆಡಬೇಕು, ಅಲ್ವಾ? ಆಗ ಅನುಮಾನ ಬಂದು, ವಿಂಡೋಸ್ ತಪ್ಪುಗಳನ್ನು ದಾಖಲಿಸಿಡುವ ಇವೆಂಟ್ ವ್ಯೂವರ್ ತೆಗೆದೆ. ಹಳದಿ ತ್ರಿಕೋನಗಳ ಸಾಲೇ ಇತ್ತು. ಮೂಲ: ಡಬ್ಲ್ಯೂಎಚ್‌ಇಎ-ಲಾಗರ್, ಸಂಖ್ಯೆ 19. ಪ್ರೊಸೆಸರ್‌ನಲ್ಲಿ ತಪ್ಪಾಗಿದೆ, ಸರಿಪಡಿಸಿಕೊಂಡಿದ್ದೇನೆ ಅಂತ ಅದರರ್ಥ. ಸರಿಪಡಿಸಿಕೊಂಡದ್ದೇ ಇಷ್ಟಿದ್ದರೆ ಕಣ್ಣಿಗೆ ಬೀಳದೇ ಹೋದದ್ದು ಎಷ್ಟೋ.

ಪ್ರೊಸೆಸರ್ರೋ ರ‍್ಯಾಮೋ? ಒಟ್ಟಿಗೆ ಎರಡನ್ನೂ ಬದಲಿಸಿದ್ದರಿಂದ ಗೊತ್ತಾಗುವ ಹಾಗಿರಲಿಲ್ಲ. ಎಕ್ಸ್‌ಎಂಪಿ ಆಫ್ ಮಾಡಿ ಪ್ರೈಮ್95 ಹಾಕಿ ಬೇರೆ ಕೆಲಸಕ್ಕೆ ಹೋದೆ. 23ನೇ ನಿಮಿಷಕ್ಕೆ ಒಂದು ಕೋರಿನ ಪರೀಕ್ಷೆ ನಿಂತಿತ್ತು. 'ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು' ಅಂತ ಸಂದೇಶ. ಪ್ರೈಮ್95 ಸುಮ್ನೆ ಹೊರೆ ಹಾಕುವುದಿಲ್ಲ, ಉತ್ತರವನ್ನೂ ತಾಳೆ ನೋಡುತ್ತದೆ. ನನಗೆ ಭಯವಾದದ್ದು ಆ ಸಂದೇಶಕ್ಕಲ್ಲ. ಉಳಿದ ಐದು ಕೋರ್ ನಿರಾಳವಾಗಿ ಓಡುತ್ತಿದ್ದವು. ಮೌಸ್ ಸರಾಗವಾಗಿ ಚಲಿಸುತ್ತಿತ್ತು. ಹಾಡು ನಿಂತಿರಲಿಲ್ಲ. ನೀಲಿ ಪರದೆ ಬಂದು ಎಲ್ಲವೂ ನಿಂತಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಕಾರಣ ಆಮೇಲೆ ಸಿಕ್ಕಿತು. ಬಯಾಸ್‌ನಲ್ಲಿ ನಾನು ಬರೆದದ್ದು 1.26. ಪೂರ್ತಿ ಹೊರೆ ಬಿದ್ದಾಗ ಎಚ್‌ಡಬ್ಲ್ಯೂಇನ್ಫೋದಲ್ಲಿ ಕಾಣಿಸುತ್ತಿದ್ದದ್ದು 1.21. ಹೊರೆ ಏರಿದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ, ಅದನ್ನು ವಿಡ್ರೂಪ್ ಅಂತಾರೆ. ಕುಸಿತ ತಡೆಯಲು ಬಯಾಸ್‌ನಲ್ಲಿ ಲೋಡ್ ಲೈನ್ ಕ್ಯಾಲಿಬ್ರೇಷನ್ ಅಂತ ಒಂದು ಆಯ್ಕೆ ಇದೆ. ಅದರ ತುತ್ತತುದಿಯ ಮಟ್ಟ ಮುಟ್ಟಬೇಡಿ. ಹೊರೆ ದಿಢೀರನೆ ಇಳಿದ ಕ್ಷಣ ವೋಲ್ಟೇಜ್ ನೀವು ಬರೆದದ್ದಕ್ಕಿಂತ ಮೇಲೆ ಚಿಮ್ಮುತ್ತದೆ. ಮಧ್ಯದ ಮಟ್ಟ ಸಾಕು.

1.30 ಕೊಟ್ಟರೆ 47 ನಿಲ್ಲುತ್ತಿತ್ತೇನೋ, ಆದರೆ ಬಿಸಿ 90 ದಾಟುತ್ತಿತ್ತು. ನಾನು 46ಕ್ಕೆ ಇಳಿದೆ, 1.26 ಹಾಗೇ ಉಳಿಸಿದೆ. ಪ್ರೈಮ್95 ಎಂಟು ಗಂಟೆ ಓಡಿತು, ತಪ್ಪಿಲ್ಲ. ಆಮೇಲೆ ಎಕ್ಸ್‌ಎಂಪಿ ಹಾಕಿ ಒಂದು ರಾತ್ರಿ ಪೂರ್ತಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86. ಅದೂ ತಪ್ಪಿಲ್ಲ. ಪಾಪದ ರ‍್ಯಾಮ್ ಮೇಲೆ ಸುಮ್ನೆ ಅನುಮಾನ ಪಟ್ಟಿದ್ದೆ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? 4.1ರಿಂದ 4.6, ಅಂದರೆ 12%. 40 ನಿಮಿಷ ಹಿಡಿಯುತ್ತಿದ್ದ ವಿಡಿಯೊ ಪರಿವರ್ತನೆ 36 ನಿಮಿಷಕ್ಕೆ ಮುಗಿಯತೊಡಗಿತು. ನಾನು ಆಡುವ ಆಟಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಅಲ್ಲಿ ತಡೆ ಇದ್ದದ್ದು ಗ್ರಾಫಿಕ್ಸ್ ಕಾರ್ಡಿನಲ್ಲಿ. 1998ರ ಸೆಲೆರಾನ್ 300ಎ ಕಾಲ ಬೇರೆ ಇತ್ತು. ಬೋರ್ಡಿನ 66 ಮೆಗಾಹರ್ಟ್ಸ್ ತಾಳವನ್ನು 100ಕ್ಕೆ ಇಟ್ಟರೆ 300ರ ಚಿಪ್ 450ರಲ್ಲಿ ಓಡುತ್ತಿತ್ತು. ಈಗಿನ ಚಿಪ್‌ಗಳನ್ನು ಕಾರ್ಖಾನೆಯವರೇ ಟರ್ಬೊ ಹೆಸರಿನಲ್ಲಿ ಹಿಂಡಿ ಕಳಿಸಿರುತ್ತಾರೆ, ನಮಗೆ ಉಳಿಯುವುದು ತಳದ ನಾಲ್ಕು ಹನಿ. ಅದಕ್ಕೇ ಈಚೆಗೆ ತುಂಬ ಜನ ವೇಗ ಏರಿಸುವ ಬದಲು ವೋಲ್ಟೇಜ್ ಇಳಿಸುತ್ತಾರೆ. ರೈಝನ್ 5000ದಿಂದ ಈಚೆಗೆ ಕರ್ವ್ ಆಪ್ಟಿಮೈಝರ್ ಎಂಬ ಆಯ್ಕೆ ಇರುವುದು ಅದಕ್ಕೇ. ಬಿಸಿ ಕಡಿಮೆಯಾದರೆ ಚಿಪ್ ತಾನೇ ಜಾಸ್ತಿ ಹೊತ್ತು ಮೇಲಿನ ವೇಗದಲ್ಲಿ ಇರುತ್ತದೆ. ಆದರೆ ಅಲ್ಲೂ ಅತಿಯಾದರೆ ಇದೇ ಥರ ಲೆಕ್ಕ ತಪ್ಪುತ್ತದೆ, ಪರೀಕ್ಷೆ ತಪ್ಪಿದ್ದಲ್ಲ.

ನನ್ನ ಅಂಕಿಗಳನ್ನು ನಕಲು ಮಾಡಬೇಡಿ. ಒಂದೇ ಮಾದರಿಯ ಎರಡು ಚಿಪ್ ಒಂದೇ ವೇಗಕ್ಕೆ ಬೇರೆ ಬೇರೆ ವೋಲ್ಟೇಜ್ ಕೇಳುತ್ತವೆ. ನಿಮ್ಮ ಗೆಳೆಯನ 5 ಗಿಗಾಹರ್ಟ್ಸ್ ಅವನ ಚಿಪ್ಪಿನ ಅದೃಷ್ಟ. ಅವನು ಎಷ್ಟು ಹೊತ್ತು ಪರೀಕ್ಷೆ ಮಾಡಿದ್ದಾನೆ ಅಂತ ಒಮ್ಮೆ ಕೇಳಿ ನೋಡಿ, ಇವೆಂಟ್ ವ್ಯೂವರ್ ತೆಗೆಸಿ ನೋಡಿದರೆ ಇನ್ನೂ ಒಳ್ಳೆಯದು. ಕೈ ಹಾಕುವ ಮೊದಲು ನಿಮ್ಮ ಮುಖ್ಯ ಕಡತಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇರಲಿ. ಓವರ್‌ಕ್ಲಾಕ್‌ನಿಂದ ಹಾಳಾದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಅದೂ ಗೊತ್ತಿರಲಿ.

ನನ್ನ ಮಷಿನ್ ಈಗಲೂ 46ರಲ್ಲೇ ಇದೆ. ಬೇಸಿಗೆ ಬಂದರೆ 45ಕ್ಕೆ ಇಳಿಸುತ್ತೇನೆ.